ಮೊಣಕಾಲುದ್ದ ನೀರು ಅಂತ ಇಳಿಯಬೇಡ

ಚಿ. ಸೌ. ಸುನಂದಾಳಿಗೆ ಯಾದಗಿರಿಯಿಂದ ನಿನ್ನ ಕಾಕಾನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾರೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಎರಡನೇ ಪುಟದಲ್ಲಿದ್ದ ಒಂದು ಮಾತಿಗೆ ನನ್ನ ನಿದ್ದೆ ಹೋಯಿತು. ಅಮೆರಿಕದ ಜಾರ್ಜಿಯಾದಲ್ಲಿ ನಿಮ್ಮ ಹಾಯಿದೋಣಿ ಕೆಸರಿಗೆ ತಗುಲಿ ನಿಂತಿತು ಅಂದೆ, ಸರಿ. ಆಮೇಲೆ ಬರೆದಿದ್ದೀ: "ಸುತ್ತ ಮೊಣಕಾಲುದ್ದ ನೀರು ಕಾಕಾ. ಇನ್ನೊಂದ್ಸಲ ಸಿಕ್ಕಿಕೊಂಡರೆ ಇಳಿದು ನಾವೇ ತಳ್ತೀವಿ, ಆಗಲಿಲ್ಲಂದ್ರೆ ದಂಡೆಗೆ ನಡೆದು ಹೋಗ್ತೀವಿ."

ಇಳಿಯಬೇಡ ತಂಗಿ.

ನಾರ್ಫೋಕ್‌ನಿಂದ ಮಯಾಮಿವರೆಗೆ ಸುಮಾರು 1,090 ಮೈಲಿ ಒಳನಾಡಿನ ನೀರಿನ ದಾರಿ, ದೊಡ್ಡ ಅಲೆ ಇಲ್ಲ, ಎರಡೂ ಕಡೆ ದಂಡೆ ಕಾಣುತ್ತದೆ ಅಂತ ನೀನು ಹೋದ ಸಲ ಬರೆದಾಗ ನಾನು ನಿಶ್ಚಿಂತನಾಗಿದ್ದೆ. ಜಾರ್ಜಿಯಾದ ಭಾಗದಲ್ಲಿ 12 ಅಡಿ ಆಳ ಇರಬೇಕು ಅಂತ ಸರ್ಕಾರದ ಲೆಕ್ಕ. ನಿಮ್ಮ ದೋಣಿಗೆ ಬೇಕಾದದ್ದು 5 ಅಡಿ. ಆದರೆ ಕಾಗದದ ಮೇಲಿನ ಆಳ ಬೇರೆ, ಹೂಳು ತುಂಬಿದ ಮೇಲೆ ಉಳಿಯುವ ಆಳ ಬೇರೆ. ನಮ್ಮ ಕಡೆಯ ಕೆರೆಗಳನ್ನು ನೋಡಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ನಿಮ್ಮ ದಾರಿಯಲ್ಲಿ ಬರುವ ಜೆಕಿಲ್ ಕ್ರೀಕ್, ಲಿಟಲ್ ಮಡ್ ರಿವರ್, ಹೆಲ್ ಗೇಟ್, ಎಲ್ಲ ಕಡೆ ಇದೇ ಕಥೆ.

ಸಿಕ್ಕಿಕೊಂಡಿದ್ದಕ್ಕೆ ನನಗೆ ಭಯವಿಲ್ಲ. ಇಳಿಯುವುದಕ್ಕೆ ಭಯ. ಅಲ್ಲಿಯ ತಳ ಗಟ್ಟಿ ಮರಳಲ್ಲ, ಜವುಗು ಕೆಸರು. ಕಾಲಿಟ್ಟರೆ ತೊಡೆವರೆಗೆ ಹೂತುಹೋಗಬಹುದು. ಮೇಲೆ ಹರಿತವಾದ ಸಿಂಪಿ ಚಿಪ್ಪು ಬೇರೆ. ಆರು ತಾಸಿನಲ್ಲಿ ಏಳೆಂಟು ಅಡಿ ನೀರು ಏರುವ ಜಾಗ ಅದು. ಕಾಲು ಹೂತಿರುವಾಗಲೇ ನೀರು ತಿರುಗಿದರೆ? ದೋಣಿ ತೇಲಿ ಹೊರಟರೆ ನೀನೆಲ್ಲಿ, ದೋಣಿ ಎಲ್ಲಿ?

ಸೋಮಣ್ಣ ಕಾಕಾನ ವಿಷಯ ನಿನಗೆ ಗೊತ್ತೇ ಇದೆ, ಅದನ್ನು ಬರೆಯಲಾರೆ. ಅವತ್ತು ಭೀಮಾ ದಂಡೆಯಲ್ಲಿ ನಿಂತವರೆಲ್ಲರ ಬಾಯಲ್ಲೂ ಒಂದೇ ಮಾತು, ಮೊಣಕಾಲುದ್ದ ನೀರಿತ್ತಲ್ಲ ಅಂತ. ಇತ್ತು. ಮರಳು ತೆಗೆದ ಗುಂಡಿಯೂ ಪಕ್ಕದಲ್ಲೇ ಇತ್ತು. ಆಮೇಲೆ ನಿಮ್ಮಜ್ಜ ನಮ್ಮನ್ನು ಹೊಳೆ ಕಡೆ ಸುಳಿಯಗೊಡಲಿಲ್ಲ. ದಂಡೆಯ ಹೊಲವನ್ನೂ ಮಾರಿದರು. ಹರಿಗೋಲಿನ ಅಂಬಿಗ ನನಗೆ ಹುಟ್ಟು ಹಾಕಲು ಕಲಿಸುತ್ತೇನೆ ಅಂದಿದ್ದ, ಅದೂ ಅಲ್ಲಿಗೇ ನಿಂತಿತು. ಹೊಳೆ ಪಕ್ಕದಲ್ಲೇ ಮುದುಕನಾದೆ, ಈಜು ಬರುವುದಿಲ್ಲ. ನಿನ್ನ ಹಾಯಿದೋಣಿಯ ಫೋಟೋ ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಜ್ಜನ ಹಾಗೆ ನಿನ್ನನ್ನು ತಡೆಯುವ ಮನಸ್ಸು ನನಗಿಲ್ಲ. ದೋಣಿಯಲ್ಲೇ ಕೂತಿರು ಅಂತಷ್ಟೇ ಹೇಳುತ್ತಿದ್ದೇನೆ.

ಭೀಮಾಕ್ಕೆ ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಸೊನ್ನ ಬ್ಯಾರೇಜು ದಾಟಿ ಇಲ್ಲಿಗೆ ಬರುವುದರೊಳಗೆ ನಮಗೆ ಸುದ್ದಿ ಮುಟ್ಟಿರುತ್ತದೆ. ಡಂಗುರ ಹೊಡೆಸುತ್ತಾರೆ. ನಿಮಗೆ ಉಬ್ಬರ ಇಳಿತದ ಪಟ್ಟಿ ಇದೆ ಅಲ್ವಾ? ಹೂಳಿನ ಜಾಗವನ್ನು ನೀರು ಅರ್ಧ ಏರಿದ ಮೇಲೆ, ಇನ್ನೂ ಏರುತ್ತಿರುವಾಗಲೇ ದಾಟಿದರೆ ಚಲೋ ಅಂತ ಓದಿದೆ. ತಗುಲಿಕೊಂಡರೂ ನೀರೇ ಎತ್ತುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ ಉಬ್ಬರ ಜಾಸ್ತಿ, ಇಳಿತವೂ ಜಾಸ್ತಿ. ಆ ಉಬ್ಬರದ ತುತ್ತತುದಿಯಲ್ಲಿ ಸಿಕ್ಕಿಕೊಂಡರೆ ಮಾರನೇ ದಿನದ ನೀರು ಅಷ್ಟು ಎತ್ತರ ಬರದೆ ಹೋಗಬಹುದು. ಸಮುದ್ರ ಕಾಣದ ಊರಲ್ಲಿ ಪಂಚಾಂಗ ಹಿಡಿದು ಕೂತವನ ಮಾತು ಇದು, ನಗಬೇಡ.

ಲಂಗರಿನ ಹಗ್ಗವನ್ನೂ ಉಬ್ಬರದ ಆಳಕ್ಕೇ ಲೆಕ್ಕ ಹಾಕಬೇಕಂತೆ. ಇಳಿತದಲ್ಲಿ ಆಳ 8 ಅಡಿ, ಉಬ್ಬರಕ್ಕೆ ಏರುವುದು 8 ಅಡಿ, ದೋಣಿಯ ಮೂತಿ ನೀರಿನಿಂದ 4 ಅಡಿ ಮೇಲೆ. ಒಟ್ಟು 20, ಅದರ ಏಳು ಪಟ್ಟು ಅಂದರೆ 140 ಅಡಿ. ಅಳಿಯಂದಿರು ಎಂಜಿನಿಯರು, ಅವರಿಗೆ ನಾನೇನು ಗಣಿತ ಹೇಳಲಿ. ಬಿಡು.

ಇನ್ನೊಂದು. ನೀರು ಇಳಿದು ದೋಣಿ ವಾಲಿದರೆ, ವಾಲಿದ ಕಡೆಯ ಕಿಟಕಿ ಮುಚ್ಚಿಕೊಳ್ಳಿ. ನೀರು ವಾಪಸ್ ಬರುವಾಗ ದೋಣಿ ಏಳುವ ಮೊದಲೇ ಒಳಗೆ ನುಗ್ಗಬಹುದು. ಲೈಫ್ ಜಾಕೆಟ್ ಹಾಕಿಕೊಂಡು ಕೂತಿರಿ. ಅಪಾಯ ಅನಿಸಿದರೆ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಿರಿ, ನಾಚಿಕೆ ಬೇಡ. ಎಳೆಯುವ ದೋಣಿಯವರು ದುಡ್ಡು ಜಾಸ್ತಿ ಕೇಳ್ತಾರೆ ಅಂದಿದ್ದೀ. ಕೇಳಲಿ, ಕೊಡಿ. ಉಳಿಸಬೇಕು ಅಂತ ಸುಮ್ನೆ ಕೆಸರಿಗೆ ಇಳಿಯಬೇಡಿ.

ನಿಮ್ಮವ್ವನಿಗೆ ಆ ಎರಡನೇ ಪುಟ ತೋರಿಸಿಲ್ಲ. ಮುಂದಿನ ಪತ್ರದಲ್ಲಿ "ಇಳಿಯುವುದಿಲ್ಲ" ಅಂತ ಬರೆ. ಅಳಿಯಂದಿರ ಕೈಯಲ್ಲೂ ಒಂದು ಸಾಲು ಬರೆಸು, ತಳ್ಳುವ ಉಮೇದು ಅವರದ್ದೇ ಇರಬೇಕು.

ನಿನ್ನ ಕಾಕಾ