ಎಷ್ಟು ಪದಕ ಅಂತಲ್ಲ, ಯಾವ ಪದಕ ಅಂತ ಬರೆಯಿರಿ

ಸಂಪಾದಕರೇ,

ನಮ್ಮ ಬೀದಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಿರಿಯ ಅಧಿಕಾರಿಯೊಬ್ಬರಿದ್ದಾರೆ. ಮೊನ್ನೆ ಒಂದು ಸಮಾರಂಭದಲ್ಲಿ ಅವರಿಗೆ ಸನ್ಮಾನ ಇತ್ತು. ನಿರೂಪಕರು ಮೈಕ್ ಹಿಡಿದು "ಐದು ಚಿನ್ನದ ಪದಕ ಗೆದ್ದವರು" ಅಂದುಬಿಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ, ಚಪ್ಪಾಳೆ. ಕೆಳಗಿಳಿದು ಬಂದವರು ನನ್ನ ಕಿವಿಯಲ್ಲಿ "ಒಂದೂ ಚಿನ್ನದ್ದಲ್ಲ ಮಾರಾಯ, ಗೆಲ್ಲೋಕೆ ಅದೇನು ಓಟದ ಪಂದ್ಯವಾ?" ಅಂದರು.

ಮಾರನೇ ದಿನ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ತೋರಿಸಿದರು. 9 ವರ್ಷದ ಸೇವೆಗೆ ಒಂದು, 20 ವರ್ಷಕ್ಕೆ ಇನ್ನೊಂದು. ಸ್ವಾತಂತ್ರ್ಯದ 25ನೇ ವರ್ಷದ ನೆನಪಿಗೆ ಒಂದು. ಉಳಿದೆರಡು 1971ರ ಯುದ್ಧದವು: ಸಂಗ್ರಾಮ್ ಮೆಡಲ್ ಮತ್ತು ಪಶ್ಚಿಮಿ ಸ್ಟಾರ್. ಪೂರ್ವದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್ ಅಂತ ಬೇರೆಯೇ ಇದೆಯಂತೆ. ಅಂದರೆ ಎದೆ ಮೇಲಿನ ರಿಬ್ಬನ್ ನೋಡಿದರೆ ಮನುಷ್ಯ ಆಗ ಯಾವ ದಿಕ್ಕಿನಲ್ಲಿದ್ದ ಅಂತ ಹೇಳಬಹುದು. ಪದಕದ ಅಂಚಿನಲ್ಲಿ ಸಣ್ಣದಾಗಿ ಹೆಸರು ಕೆತ್ತಿರುತ್ತಾರೆ ಅನ್ನೋದೂ ನನಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ನೌಕಾಪಡೆ ದಿನಕ್ಕೆ, ಅಂದರೆ ಡಿಸೆಂಬರ್ 4ಕ್ಕೆ, ಬ್ರಾಸೋ ಪಾಲಿಶ್ ಹಾಕಿ ಉಜ್ಜಿ ಉಜ್ಜಿ ಒಂದರಲ್ಲಿ ಇವರ ಹೆಸರು ಅರ್ಧ ಸವೆದುಹೋಗಿದೆ.

ಶೌರ್ಯಕ್ಕೆ ಕೊಡುವ ಪದಕಗಳ ಕಥೆಯೇ ಬೇರೆ. ಯುದ್ಧನೌಕೆ ಐಎನ್‌ಎಸ್ ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರಿಗೆ ಸಿಕ್ಕಿದ್ದು ಮಹಾವೀರ ಚಕ್ರ, ಬೆಳ್ಳಿಯದು, ಅರ್ಧ ಬಿಳಿ ಅರ್ಧ ಕೇಸರಿ ರಿಬ್ಬನ್. ಅದನ್ನು ಅವರು ಒಂದು ದಿನವೂ ಎದೆಗೆ ಹಾಕಿಕೊಳ್ಳಲಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರದ ಕಡಲಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಬಿಟ್ಟ ಟಾರ್ಪಿಡೊ ಬಡಿದು ಹಡಗು ನಿಮಿಷಗಳಲ್ಲಿ ಮುಳುಗಿತು, 18 ಅಧಿಕಾರಿಗಳು ಮತ್ತು 176 ನಾವಿಕರು ತೀರಿಹೋದರು, ಮುಲ್ಲಾ ತಮ್ಮ ಲೈಫ್ ಜಾಕೆಟ್ ನಾವಿಕನೊಬ್ಬನಿಗೆ ಕೊಟ್ಟು, ಆದಷ್ಟು ಜನರನ್ನು ಹೊರಗೆ ಕಳಿಸಿ, ತಾವು ಹಡಗಿನಲ್ಲೇ ಉಳಿದರು. ಆಗ ಅವರಿಗೆ 45 ವರ್ಷ. ಇದನ್ನೂ "ಪದಕ ವಿಜೇತ" ಅಂತ ಒಂದೇ ಪದದಲ್ಲಿ ಮುಗಿಸೋದು ಸರಿಯಾ?

ಇನ್ನೊಂದು ವಿಷಯ. ಪತ್ರಿಕೆಗಳಲ್ಲಿ ಬರೀ "ಕ್ಯಾಪ್ಟನ್" ಅಂತಿದ್ದರೆ ಓದುವವರು ಸೇನೆಯ ಎಳೆ ಅಧಿಕಾರಿ ಅಂದುಕೊಳ್ಳುತ್ತಾರೆ. ನೌಕಾಪಡೆಯ ಕ್ಯಾಪ್ಟನ್ ಅಂದರೆ ಸೇನೆಯ ಕರ್ನಲ್‌ಗೆ ಸಮ. ಯಾವ ಪಡೆ ಅಂತ ಒಂದು ಪದ ಜಾಸ್ತಿ ಹಾಕಿದರೆ ಸಾಕು.

ಕಾರವಾರದ ಟಾಗೋರ್ ಬೀಚ್‌ನಲ್ಲಿ ಕ್ಷಿಪಣಿ ದೋಣಿ ಚಪಲ್ ನಿಂತಿದೆ, ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳದವರು ಯಾರೂ ಇಲ್ಲ (ನಾನೂ ಸೇರಿ). ಅದು ಯಾವ ಕಾಲದ್ದು, ಅದರಲ್ಲಿ ಯಾರಿದ್ದರು ಅಂತ ಕೇಳಿದರೆ ಮಾತ್ರ ಸುಮ್ನೆ ನಗುತ್ತೇವೆ.

ಪತ್ರಿಕೆಗೆ ಬರೀತೀನಿ ಅಂದಿದ್ದಕ್ಕೆ ಹಿರಿಯರು ಡಬ್ಬಿ ಮುಚ್ಚಿಟ್ಟು, "ಬರಿ, ನನ್ನ ಹೆಸರು ಮಾತ್ರ ಹಾಕಬೇಡ. ಆ ನಿರೂಪಕನದ್ದೂ ಬೇಡ, ಪಾಪ" ಅಂದರು.

ಒಬ್ಬ ಓದುಗ, ಕಾರವಾರ