ಶಿಬಿರವೇನೋ 'ಯಶಸ್ವಿ', ನಮ್ಮ ರಿಪೋರ್ಟ್ ಎಲ್ಲಿ?

ಮಾನ್ಯರೇ,

ಸಮುದಾಯ ಭವನದಲ್ಲಿ ಭಾನುವಾರ ನಡೆದ ಪಿತ್ತಕೋಶದ ಕಲ್ಲಿನ ಸಂಶೋಧನಾ ಶಿಬಿರ 'ಯಶಸ್ವಿ' ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೊ ಚೆನ್ನಾಗಿ ಬಂದಿದೆ. ದೀಪ ಹಚ್ಚುತ್ತಿರುವವರ ಹಿಂದೆ, ಹಸಿರು ಸೀರೆಯಲ್ಲಿ ಗೋಡೆಗೆ ಒರಗಿ ನಿಂತವಳು ನಾನೇ. ಒರಗಿದ್ದು ಸ್ಟೈಲಿಗಲ್ಲ, ಹಸಿವಿಗೆ.

ಖಾಲಿ ಹೊಟ್ಟೆಯಲ್ಲಿ ಏಳು ಗಂಟೆಗೆ ಬನ್ನಿ ಅಂದಿದ್ದರು. ಆರೂ ಮುಕ್ಕಾಲಿಗೇ ಹೋದೆ. ಟೋಕನ್ ನಂಬರ್ 64. ನನಗೆ ಶುಗರ್ ಇದೆ, ಬೆಳಗಿನ ಮಾತ್ರೆಯನ್ನೂ ತೆಗೆದುಕೊಂಡಿರಲಿಲ್ಲ. ಸ್ಕ್ಯಾನಿಂಗ್ ಮೆಷಿನ್ ಬಂದಿದ್ದು ಒಂಬತ್ತೂವರೆಗೆ. ಉದ್ಘಾಟಿಸುವವರು ಬಂದಿದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಸಂಘಟಕರಿಗೆ ಕರುಣೆ ಉಕ್ಕಿ, ಸಾಲಿನಲ್ಲಿದ್ದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತ್ ಹಂಚಿದರು. ಹಾಳೆ ತಟ್ಟೆಯಲ್ಲಿ ತುಪ್ಪ ಒಸರುತ್ತಿತ್ತು. ಹೊಟ್ಟೆಗೆ ಜಿಡ್ಡು ಬಿದ್ದರೆ ಪಿತ್ತಕೋಶ ತನ್ನ ಪಿತ್ತವನ್ನು ಕರುಳಿಗೆ ಹಿಂಡಿ ಕುಗ್ಗಿಬಿಡುತ್ತದೆ. ಆಮೇಲೆ ಒಳಗಿನ ಕಲ್ಲು ಸರಿಯಾಗಿ ಕಾಣುವುದಿಲ್ಲ. ಉಪವಾಸ ಇರಿ ಅನ್ನುವುದೇ ಅದಕ್ಕೆ. 63ನೇ ನಂಬರಿನವರು ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡರು. ಅವರ ಹೆಸರಿನ ಮುಂದೆ 'ಕಲ್ಲಿಲ್ಲ' ಎಂದು ಬರೆದುಕೊಂಡರು. ಸಂಶೋಧನೆ ಅಲ್ವಾ!

ನಾನು ತಿನ್ನಲಿಲ್ಲ. ನನ್ನ ಸರದಿ ಬಂದಾಗ ಒಂದೂ ಕಾಲು. "ಉಸಿರು ಹಿಡ್ಕೊಳ್ಳಿ ಅಮ್ಮ" ಅಂದ ಡಾಕ್ಟರ್ ಹುಡುಗ, ಪಕ್ಕದಲ್ಲಿ ಟೈಪ್ ಮಾಡುತ್ತಿದ್ದವಳಿಗೆ "ಎರಡಿದೆ" ಅಂದ. ನನಗೇನೂ ಹೇಳಲಿಲ್ಲ. ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳಲು ಪೇಪರಿನ ತುಂಡು ಕೊಟ್ಟರು. ನಿಮ್ಮದೇ ಪತ್ರಿಕೆ. ರಿಪೋರ್ಟ್ ಕೇಳಿದರೆ, "ಇದು ರಿಸರ್ಚ್ ಅಮ್ಮ, ರಿಪೋರ್ಟ್ ಕೊಡೋ ಹಾಗಿಲ್ಲ, ನೀವೇ ಸೈನ್ ಮಾಡಿದ್ದೀರಲ್ಲ" ಅಂದರು. ಮಾಡಿದ್ದೇನೆ, ಮೂರು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲೇ ಹೇಳಿದೆ. ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳ ಕೈಲಿ ಹೀಗೆ ಸಹಿ ಹಾಕಿಸಿಕೊಂಡರು.

ಆ "ಎರಡಿದೆ" ಈಗ ನಿದ್ದೆ ಕೆಡಿಸಿದೆ. ಸುಮ್ಮನೆ ಕೂತ ಕಲ್ಲಿಗೆ ಹೆಚ್ಚಿನವರಿಗೆ ಆಪರೇಷನ್ ಬೇಕಿಲ್ಲ ಅಂತ ಗೊತ್ತು. ಆದರೆ ಅದು ಎಷ್ಟು ದೊಡ್ಡದು? ಸಣ್ಣ ಕಲ್ಲೇ ಪಿತ್ತನಾಳಕ್ಕೆ ಜಾರುವುದು. ನಮ್ಮ ಯಜಮಾನರಿಗೆ ಆಗಿದ್ದೂ ಅದೇ. ನಾಲ್ಕು ತಿಂಗಳು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಸಿದರು. ಕಣ್ಣು ಅರಿಶಿನವಾದ ಮೇಲೆ ಇಆರ್‌ಸಿಪಿ ಮಾಡಿ, ಅಂದರೆ ಬಾಯಿಯಿಂದ ದುರ್ಬೀನು ಇಳಿಸಿ, ಪಿತ್ತನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟರು. ಮೂರು ತಿಂಗಳಿಗೆ ತೆಗೆಸಲೇಬೇಕು, ಇಲ್ಲಾಂದ್ರೆ ಕಟ್ಟಿಕೊಳ್ಳುತ್ತದೆ ಅಂತ ಹೇಳಿದವರೂ ಅವರೇ, ಮೆಷಿನ್ ಕೆಟ್ಟಿದೆ ಅಂತ ಐದು ಸಲ ವಾಪಸ್ ಕಳಿಸಿದವರೂ ಅವರೇ. ಕೊನೆಗೆ ಚಳಿಜ್ವರ ಬಂದು ನಡುರಾತ್ರಿ ಆಟೊದಲ್ಲಿ ಬೇರೆ ಆಸ್ಪತ್ರೆಗೆ ಓಡಿದೆವು. ದೂರು ಕೊಟ್ಟು ಎರಡು ವರ್ಷವಾಯಿತು. 'ಪರಿಶೀಲನೆಯಲ್ಲಿದೆ'.

ಸಂಶೋಧನೆ ಬೇಡ ಅನ್ನುವವಳಲ್ಲ ನಾನು. ಉತ್ತರ ಭಾರತದಲ್ಲಿ ಕೊಲೆಸ್ಟ್ರಾಲ್ ಕಲ್ಲು ಜಾಸ್ತಿ, ನಮ್ಮ ದಕ್ಷಿಣದಲ್ಲಿ ಕಪ್ಪು, ಕಂದು ಬಣ್ಣದ ಪಿಗ್ಮೆಂಟ್ ಕಲ್ಲು ಜಾಸ್ತಿ. ನಮ್ಮ ಕಲ್ಲಿನ ಲೆಕ್ಕ ನಾವೇ ತೆಗೆಯಬೇಕು, ಸರಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ತೂತು ಕೊರೆದು ಪಿತ್ತಕೋಶ ತೆಗೆದಾಗ ಅವರ ದೇಶದ ಸರ್ಜನ್‌ಗಳೇ ಮೂಗು ಮುರಿದಿದ್ದರು. ಇವತ್ತು ಊರೂರಲ್ಲಿ ಅದೇ ಆಪರೇಷನ್. ಇದೆಲ್ಲ ಯಜಮಾನರ ಮಂಚದ ಪಕ್ಕ ಕೂತು ಓದಿ ತಿಳಿದದ್ದು. ಭಾನುವಾರದ ವೇದಿಕೆಯಲ್ಲಿ ಒಬ್ಬರು "ಬಾಳೆದಿಂಡಿನ ರಸ ಕುಡಿಯಿರಿ, ಕಲ್ಲು ಕರಗುತ್ತೆ" ಅಂದರು. ಅದು ಕಿಡ್ನಿ ಕಲ್ಲಿಗೆ ಹೇಳುವ ಮನೆಮದ್ದು ಸ್ವಾಮಿ! ಪಕ್ಕದಲ್ಲಿ ಕೂತಿದ್ದ ಡಾಕ್ಟರುಗಳು ಚಪ್ಪಾಳೆ ತಟ್ಟಿದರು.

ಇನ್ನು ಆ ಭವನ. ಶೌಚಾಲಯದ ನಲ್ಲಿ ಹಿಂದಿನ ಡೆಂಗಿ ಶಿಬಿರದಲ್ಲೂ ಸೋರುತ್ತಿತ್ತು, ಈಗಲೂ ಸೋರುತ್ತಿದೆ. ಕೆಳಗೆ ಅದೇ ನೀಲಿ ಬಕೆಟ್. ಸೊಳ್ಳೆ ಬಗ್ಗೆ ಭಾಷಣ ಮಾಡಿ ಹೋದ ಅಧಿಕಾರಿಗಳು ಆ ಬಕೆಟ್ಟನ್ನು ದಾಟಿಕೊಂಡೇ ಹೋಗಿದ್ದರು. ಫಾಗಿಂಗ್ ಗಾಡಿ ಬರುತ್ತೆ ಅಂದಿದ್ದು ಇನ್ನೂ ಬರುತ್ತಲೇ ಇದೆ.

ಸಂಬಂಧಪಟ್ಟವರು ಕೂಡಲೇ ನಮ್ಮ ರಿಪೋರ್ಟ್ ಕೊಡಿಸಲಿ. ಆಗದಿದ್ದರೆ ಇಂಥ ಶಿಬಿರ ನಿಲ್ಲಿಸಲಿ. ನಿಲ್ಲಿಸುವುದೂ ಬೇಡ, ನೆಟ್ಟಗೆ ಮಾಡಲಿ. ಆ ನಲ್ಲಿಗೊಂದು ವಾಷರ್ ಹಾಕಿಸಲಿ. ಅಷ್ಟೂ ಆಗದವರು ಫೋಟೊಗೆ ಮಾತ್ರ ಹೇಗೆ ಸರಿಯಾದ ಸಮಯಕ್ಕೆ ಬರುತ್ತಾರೋ!

– ನಿವೃತ್ತ ಶಿಕ್ಷಕಿ, ವಾಟರ್ ಟ್ಯಾಂಕ್ ರಸ್ತೆ