ಹೆಬ್ಬಾತು ಹೊರಡುವ ಹೊತ್ತು: ಪೋಷಕರಿಗೊಂದು ಪತ್ರ

ಪೋಷಕರೆಲ್ಲರಿಗೂ ನಮಸ್ಕಾರ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತೀವಲ್ಲ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಬ್ಬಾತುಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ. ಇನ್ನು ಕೆಲವೇ ವಾರ. ಯುಗಾದಿ ಹತ್ತಿರ ಬರುವಷ್ಟರಲ್ಲಿ ಕೆರೆ ಖಾಲಿ ಖಾಲಿ ಅನ್ನಿಸುತ್ತದೆ. ಅಷ್ಟರೊಳಗೆ ಆರರಿಂದ ಎಂಟನೇ ತರಗತಿಯ ಮಕ್ಕಳನ್ನು ವಾರಕ್ಕೊಂದು ಬೆಳಿಗ್ಗೆ ಕೆರೆ ದಂಡೆಗೆ ಕರೆದುಕೊಂಡು ಹೋಗಬೇಕು ಅಂತ ಶಾಲೆಯಲ್ಲಿ ಮಾತಾಡಿಕೊಂಡಿದ್ದೇವೆ. ಎಸ್‌ಡಿಎಂಸಿ ಸದಸ್ಯರೂ ಒಪ್ಪಿದ್ದಾರೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಒಂದೆರಡು ವಿಷಯದಲ್ಲಿ ನಿಮ್ಮ ಸಹಾಯವೂ ಬೇಕು.

ಹಕ್ಕಿ ಬಂದಾಗ ತೋರಿಸುವುದು ಬಿಟ್ಟು ಹೋಗುವಾಗ ಯಾಕೆ ತೋರಿಸುತ್ತೀರಿ ಅಂತ ನೀವು ಕೇಳಬಹುದು. ಬಂದದ್ದನ್ನು ಎಲ್ಲರೂ ನೋಡುತ್ತಾರೆ. ನವೆಂಬರ್ ಬಂತೆಂದರೆ ಪೇಪರಿನಲ್ಲಿ ಫೋಟೊ, ಡಿಸೆಂಬರಿನ ಭಾನುವಾರಗಳಲ್ಲಿ ಗದಗ, ಹುಬ್ಬಳ್ಳಿ ಕಡೆಯಿಂದ ಕ್ಯಾಮೆರಾ ಹೊತ್ತವರ ಗುಂಪು. ಯಾವಾಗ ಹೋದವು ಅಂತ ಕೇಳಿ ನೋಡಿ. ‘ಫೆಬ್ರವರಿಯೋ ಮಾರ್ಚೋ, ಸುಮಾರು ಹಂಗ’ ಅನ್ನುವ ಉತ್ತರ ಬರುತ್ತದೆ. ಹೋದ ತಾರೀಖು ಬರೆದಿಡುವವರು ಕಡಿಮೆ. ಬರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೋಗುವುದು ಹಾಗಲ್ಲ, ಮೊದಲು ಒಂದು ಗುಂಪು ಕಡಿಮೆಯಾಗುತ್ತದೆ, ಆಮೇಲೆ ಇನ್ನೊಂದು. ಕೊನೆಯ ಹಕ್ಕಿ ಯಾವತ್ತು ಕಂಡಿತು ಅಂತ ಗೊತ್ತಾಗಬೇಕಾದರೆ ಅದು ಕಾಣದ ದಿನವೂ ಹೋಗಿ ನೋಡಿರಬೇಕು. ದಿನಾ ಕೆರೆ ಪಕ್ಕದಲ್ಲೇ ಓಡಾಡುವವರಿಗೆ ಮಾತ್ರ ಆಗುವ ಕೆಲಸ ಇದು. ನಮ್ಮ ಮಕ್ಕಳು ಓಡಾಡುತ್ತಾರೆ, ಅಲ್ವಾ?

ಇದೇನು ನಾವೇ ಕಂಡುಹಿಡಿದ ಹೊಸ ವಿಚಾರವಲ್ಲ. 2007ರಲ್ಲಿ ಮೈಗ್ರಂಟ್‌ವಾಚ್ ಅನ್ನುವ ಕಾರ್ಯಕ್ರಮ ಶುರುವಾದಾಗ ದೇಶದ ಜನರನ್ನು ಕೇಳಿದ್ದು ಇದನ್ನೇ: ವಲಸೆ ಹಕ್ಕಿಯನ್ನು ಈ ಸಲ ಮೊದಲು ಕಂಡದ್ದು ಯಾವಾಗ, ಕೊನೆಗೆ ಕಂಡದ್ದು ಯಾವಾಗ. ಈಗ ಅಂಥ ಲೆಕ್ಕವೆಲ್ಲ ಇ-ಬರ್ಡ್ ಅನ್ನುವ, ಯಾರು ಬೇಕಾದರೂ ಕಂಡ ಹಕ್ಕಿಯ ಪಟ್ಟಿ ಹಾಕಬಹುದಾದ ಜಾಲತಾಣದಲ್ಲಿ ಸೇರುತ್ತದೆ. ಫೆಬ್ರವರಿಯ ನಾಲ್ಕು ದಿನದ ಹಕ್ಕಿ ಎಣಿಕೆಯಲ್ಲಿ ಶಾಲೆ ಕಾಲೇಜುಗಳೂ ಸೇರುತ್ತವೆ. ಹದಿನೈದು ನಿಮಿಷ ನಿಂತು ಕಂಡದ್ದನ್ನೆಲ್ಲ ಎಣಿಸಿದರೆ ಒಂದು ಪಟ್ಟಿ ಆಯಿತು, ಅಷ್ಟೇ.

ನಮ್ಮ ಕೆರೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಮಕ್ಕಳು ಮನೆಯಲ್ಲಿ ಕೇಳಿದರೆ ಇರಲಿ ಅಂತ ಹೇಳುತ್ತೇನೆ. ಮಾಗಡಿ ಕೆರೆ ಹೊಲಕ್ಕೆ ನೀರು ಕೊಡಲು ಕಟ್ಟಿದ್ದು, ಹಕ್ಕಿಗಾಗಿ ಅಲ್ಲ. ವಿಸ್ತೀರ್ಣ ಸುಮಾರು 54 ಹೆಕ್ಟೇರ್. ಇಷ್ಟು ಚಿಕ್ಕ ಕೆರೆಯಲ್ಲಿ 166 ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಅದರಲ್ಲಿ 130 ಜಾತಿ ವಲಸೆಯವು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳೇ 8,000ದಷ್ಟು ಸೇರುತ್ತವೆ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ನಮ್ಮ ಕೆರೆಯೂ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ.

ಹೆಬ್ಬಾತನ್ನು ದೂರದಿಂದ ನೋಡಿದರೆ ಬೂದು ಬಣ್ಣದ ದೊಡ್ಡ ಬಾತು, ಅಷ್ಟೇ. ದುರ್ಬೀನಿನಲ್ಲಿ ನೋಡಬೇಕು. ಬಿಳಿ ತಲೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಮೇಲಿನದು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನವರೆಗೆ ನೆತ್ತಿಯ ಹಿಂದೆ ಸುತ್ತಿ ಬರುತ್ತದೆ. ಕೆಳಗಿನದು ಗಿಡ್ಡ. ಕತ್ತಿನ ಎರಡೂ ಬದಿಗೆ ಮೇಲಿಂದ ಕೆಳಗೆ ಬಿಳಿ ಗೆರೆ. ಹಳದಿ ಕೊಕ್ಕಿನ ತುದಿಯಲ್ಲಿ ಕಪ್ಪು ಚುಕ್ಕೆ. ಆಯಾ ವರ್ಷದ ಮರಿಗಳಿಗೆ ಬಂದ ಹೊಸತರಲ್ಲಿ ಈ ಪಟ್ಟೆ ಇರುವುದಿಲ್ಲ, ತಲೆಯ ಹಿಂಭಾಗ ಪೂರ್ತಿ ಮಬ್ಬು ಕಂದು. ಚಳಿಗಾಲ ಮುಗಿಯುತ್ತ ಬಂದಂತೆ ಅವನ್ನು ಗುರುತಿಸುವುದು ಕಷ್ಟ. ನವೆಂಬರಿನಲ್ಲೇ ಎಣಿಸಿದ್ದರೆ ಆ ವರ್ಷ ಎಷ್ಟು ಮರಿ ಉಳಿದು ಇಲ್ಲಿಗೆ ತಲುಪಿದವು ಅಂತ ಒಂದು ಅಂದಾಜು ಸಿಗುತ್ತಿತ್ತು. ಬರುವ ವರ್ಷಕ್ಕೆ ಎಂಟನೇ ತರಗತಿಯವರಿಗೆ ಆ ಕೆಲಸ.

ಇಲ್ಲಿಂದ ಇವು ಹೋಗುವುದು ಟಿಬೆಟ್, ಲಡಾಖ್, ಮಂಗೋಲಿಯಾದ ಎತ್ತರದ ಕೆರೆಗಳಿಗೆ. ಮೊಟ್ಟೆ ಇಡುವುದು, ಮರಿ ಮಾಡುವುದು ಎಲ್ಲ ಅಲ್ಲೇ. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟಿ ಮೇವು ಸಿಗುವುದಿಲ್ಲ, ಅದಕ್ಕೇ ನಮ್ಮ ಕಡೆ ಬರುತ್ತವೆ. ಹಗಲು ಉದ್ದವಾಗುತ್ತ ಹೋದಂತೆ ಹಕ್ಕಿಯ ಮೈಗೆ ಹೊರಡುವ ಕಾಲ ಬಂತು ಅಂತ ಗೊತ್ತಾಗುತ್ತದೆ.

ನಡುವೆ ಹಿಮಾಲಯ ಇದೆಯಲ್ಲ. ಹೆಬ್ಬಾತುಗಳ ಬೆನ್ನಿಗೆ ಸಣ್ಣ ಉಪಗ್ರಹ ಯಂತ್ರ ಕಟ್ಟಿ ವಿಜ್ಞಾನಿಗಳು ಹಿಂಬಾಲಿಸಿದ್ದಾರೆ. ಆ ಲೆಕ್ಕ 2011ರಲ್ಲಿ ಪ್ರಕಟವಾಯಿತು. ಬಯಲು ಸೀಮೆಯಿಂದ ಹಿಮಾಲಯದ ಎತ್ತರಕ್ಕೆ ಏಳೆಂಟು ಗಂಟೆಯಲ್ಲಿ ಏರಿಬಿಡುತ್ತವೆ. ಅದೂ ಹಿಂದಿನಿಂದ ತಳ್ಳುವ ಗಾಳಿಗೆ ಕಾಯದೆ, ರೆಕ್ಕೆ ಬಡಿದುಕೊಂಡೇ. ಹೆಚ್ಚಾಗಿ ರಾತ್ರಿ, ಇಲ್ಲವೇ ನಸುಕಿನಲ್ಲಿ ಹಾರುತ್ತವೆ, ಯಾಕೆಂದರೆ ತಣ್ಣಗಿನ ಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಆಸರೆ ಜಾಸ್ತಿ. ಎವರೆಸ್ಟ್ ಮೇಲೆಯೇ ಹಾರುತ್ತವೆ ಅನ್ನುವ ಮಾತು ವಾಟ್ಸಾಪಿನಲ್ಲಿ ವರ್ಷಾ ಬರುತ್ತದೆ. ಯಂತ್ರ ತೋರಿಸಿದ ಅತಿ ಎತ್ತರ 7,290 ಮೀಟರ್. ಬಹುಪಾಲು ಹಾರಾಟ 5,500 ಮೀಟರಿನ ಕೆಳಗೇ, ಕಣಿವೆ ಹಿಡಿದು. ನನಗಂತೂ ಕಣಿವೆ ಹುಡುಕಿಕೊಂಡು ಹೋಗುವ ಹಕ್ಕಿಯೇ ಹೆಚ್ಚು ಜಾಣ ಅನ್ನಿಸುತ್ತದೆ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಇವಕ್ಕೆ ಉಸಿರು ಕಟ್ಟದಿರಲು ಕಾರಣ ರಕ್ತ. ಬೇರೆ ಬಾತುಗಳ ರಕ್ತಕ್ಕಿಂತ ಇವುಗಳದ್ದು ಆಮ್ಲಜನಕವನ್ನು ಬೇಗ ಹಿಡಿದುಕೊಳ್ಳುತ್ತದೆ. ವಿಜ್ಞಾನದ ಪಾಠದಲ್ಲಿ ಹಿಮೋಗ್ಲೋಬಿನ್ ಬಂದಾಗ ನಮ್ಮ ಶಿಕ್ಷಕರು ಇದನ್ನೇ ಉದಾಹರಣೆ ಕೊಡುತ್ತಾರೆ.

ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಾಗಾಗಿ ಮಕ್ಕಳಿಗೆ ಹೇಳಿದ್ದೇವೆ: ಯಾವುದಾದರೂ ಹಕ್ಕಿಯ ಕತ್ತಿನಲ್ಲಿ ಪಟ್ಟಿ ಕಂಡರೆ ಅದರ ಬಣ್ಣ, ಮೇಲಿರುವ ಅಕ್ಷರ, ಅಂಕಿ ಬರೆದುಕೊಳ್ಳಿ. ಹೊಲದಲ್ಲಿ ನಿಮಗೆ ಕಂಡರೂ ದಯವಿಟ್ಟು ತಿಳಿಸಿ.

ಹೊಲದ ಮಾತು ಬಂತು. ಇದನ್ನು ಮುಚ್ಚಿಟ್ಟು ಬರೀ ಹಕ್ಕಿ ಹೊಗಳುತ್ತ ಕೂತರೆ ನೀವು ನಗುತ್ತೀರಿ. ಹೆಬ್ಬಾತು ಹಗಲು ಕೆರೆಯಲ್ಲಿ ತೇಲುತ್ತ ಸುಮ್ನೆ ಇರುತ್ತದೆ, ಕತ್ತಲಾದ ಮೇಲೆ ಮತ್ತು ನಸುಕಿನಲ್ಲಿ ಹೊಲಕ್ಕೆ ಇಳಿಯುತ್ತದೆ. ಕಡಲೆ, ಶೇಂಗಾ, ಗೋಧಿ, ಏನು ಚಿಗುರಿದ್ದರೂ ಸರಿ. ಎರೆಹೊಲದಲ್ಲಿ ಕಡಲೆ ಹಾಕಿ ಒಂದೊಂದು ಸಾಲಿಗೂ ಖರ್ಚು ಮಾಡಿದವರಿಗೆ ಇದು ನಷ್ಟವೇ. ‘ಊರಿಗೆ ಹೆಸರು, ನಮಗೆ ಹಾನಿ’ ಅಂತ ಒಬ್ಬ ತಂದೆ ಸಭೆಯಲ್ಲಿ ಹೇಳಿದರು. ಸುಳ್ಳಲ್ಲ. ಹೊರಡುವ ಮುಂಚಿನ ವಾರಗಳಲ್ಲಿ ದಾರಿಗೆ ಬೇಕಾದ ಕೊಬ್ಬು ಕೂಡಿಸಿಕೊಳ್ಳಲು ಇವು ಇನ್ನೂ ಜಾಸ್ತಿ ತಿನ್ನುತ್ತವೆ. ಡಬ್ಬ ಬಡಿದು ಓಡಿಸುವುದು ನಿಮ್ಮ ಹಕ್ಕು, ಅದಕ್ಕೆ ಶಾಲೆಯ ತಕರಾರು ಏನೂ ಇಲ್ಲ. ಆದರೆ ಕಾಳಿಗೆ ವಿಷ ಸವರಿ ಹಾಕುವುದು, ಬಲೆ ಒಡ್ಡುವುದು ಬೇಡ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಅನ್ನುವುದು ಒಂದು ಕಡೆ. ಆ ಕಾಳನ್ನು ನಿಮ್ಮ ಮನೆಯ ಕೋಳಿ, ಪಕ್ಕದ ಮನೆಯ ಕುರಿಯೂ ತಿಂದೀತು. ಬೆಳೆ ಹಾನಿಯ ಲೆಕ್ಕವನ್ನು ಮಕ್ಕಳು ನಿಮ್ಮನ್ನು ಕೇಳಿ ಬರೆದುಕೊಳ್ಳಲಿದ್ದಾರೆ. ಯಾವ ಬೆಳೆ, ಎಷ್ಟು ಗುಂಟೆ, ಯಾವ ವಾರ. ಹಕ್ಕಿಯ ಪಟ್ಟಿಯ ಜೊತೆ ಅದೂ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಸಂಕೋಚ ಇಲ್ಲದೆ ಹೇಳಿ.

ಹೆಬ್ಬಾತು ಬಿಟ್ಟು ಬೇರೆ ಹಕ್ಕಿಗಳೂ ಈ ಕಾಲಕ್ಕೆ ಗಡಿಬಿಡಿಯಲ್ಲಿರುತ್ತವೆ. ಮನೆ ಹತ್ತಿರವೇ ನೋಡಬಹುದಾದದ್ದು ಗುಲಾಬಿ ಕಬ್ಬಕ್ಕಿ. ಜೋಳದ ಹೊಲಕ್ಕೆ ಮೋಡದ ಹಾಗೆ ಬಂದು ಇಳಿಯುತ್ತವಲ್ಲ, ಅವೇ. ಈಗ ಮುತ್ತಲ ಹೂ ಬಿಟ್ಟಿದೆ, ಮಕರಂದಕ್ಕೆ ಆ ಮರದಲ್ಲೇ ಜಗಳ ಆಡುತ್ತಿರುತ್ತವೆ. ಚಳಿಗಾಲದಲ್ಲಿ ಮಾಸಿದಂತಿದ್ದ ಇವುಗಳ ಬಣ್ಣ ಮಾರ್ಚಿಗೆ ಕಳೆ ಕಟ್ಟುತ್ತದೆ. ಹೊಸ ಗರಿ ಬಂದಿರುವುದಿಲ್ಲ. ಹಳೇ ಗರಿಯ ಕಂದು ಅಂಚು ಸವೆದು ಒಳಗಿನ ಗುಲಾಬಿ ಹೊರಗೆ ಕಾಣುತ್ತದೆ, ಅಷ್ಟೇ. ಏಪ್ರಿಲ್ ಹೊತ್ತಿಗೆ ಇವೂ ಮಧ್ಯ ಏಷ್ಯಾದ ಕಡೆ ಹೊರಡುತ್ತವೆ. ಕೆರೆಯ ಸಲಿಕೆ ಕೊಕ್ಕಿನ ಬಾತು, ಸೂಜಿಬಾಲದ ಬಾತುಗಳದ್ದೂ ಇದೇ ಕಥೆ. ಕೋಗಿಲೆ ಮಾತ್ರ ಬೇರೆ. ‘ಕೋಗಿಲೆ ವಸಂತಕ್ಕೆ ಬಂತು’ ಅಂತ ಮಕ್ಕಳು ಪ್ರಬಂಧದಲ್ಲಿ ಬರೆಯುತ್ತಾರೆ. ಅದು ಎಲ್ಲಿಂದಲೂ ಬರುವುದಿಲ್ಲ, ವರ್ಷವಿಡೀ ನಮ್ಮ ಬೇವಿನ ಮರದಲ್ಲೇ ಇರುತ್ತದೆ. ಈಗ ಕೂಗಲು ಶುರು ಮಾಡುತ್ತದೆ, ನಮಗೆ ಈಗ ನೆನಪಾಗುತ್ತದೆ.

ಇನ್ನು ಏರ್ಪಾಡಿನ ಮಾತು. ಬೆಳಿಗ್ಗೆ ಆರಕ್ಕೆ ಶಾಲೆಯ ಗೇಟಿನ ಹತ್ತಿರ ಸೇರುವುದು, ಏಳೂವರೆಗೆ ವಾಪಸ್. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿರುವುದು ಗೊತ್ತಿದೆ, ಪಾಠದ ಒಂದು ಪಿರಿಯಡ್ಡೂ ತಪ್ಪುವುದಿಲ್ಲ. ಇಬ್ಬರು ಶಿಕ್ಷಕರು ಜೊತೆಗಿರುತ್ತಾರೆ, ಅರಣ್ಯ ಇಲಾಖೆಯ ವಾಚರಿಗೂ ಹೇಳಿದ್ದೇವೆ. ದಂಡೆಯ ಹುಲ್ಲಿನಲ್ಲಿ ಹಾವು ಇರುತ್ತವೆ, ಬೂಟು ಇಲ್ಲದಿದ್ದರೂ ಚಪ್ಪಲಿ ಬೇಕೇ ಬೇಕು. ಯಾರೂ ನೀರಿಗೆ ಇಳಿಯುವಂತಿಲ್ಲ. ಕೆಂಪು, ಬಿಳಿ ಬಟ್ಟೆ ಬೇಡ, ಮಾಸಿದ ಬಣ್ಣ ಇರಲಿ. ಕವಣೆ ಮನೆಯಲ್ಲೇ ಇರಲಿ, ಸಾಕಿದ ನಾಯಿಯೂ ಹಿಂದೆ ಬರದಂತೆ ಕಟ್ಟಿಹಾಕಿ. ದುರ್ಬೀನು ಶಾಲೆಯಲ್ಲಿ ಎರಡಿವೆ, ಸರದಿ ಮೇಲೆ ಕೊಡುತ್ತೇವೆ. ಮಗುವಿಗೆ ಫೋನು ಕೊಟ್ಟು ಕಳಿಸಬೇಡಿ. ರೀಲ್ಸ್ ಮಾಡಲು ಹೋಗಿ ಹಕ್ಕಿಯನ್ನು ಎಬ್ಬಿಸುವ ದೊಡ್ಡವರನ್ನೇ ಸಾಕಷ್ಟು ನೋಡಿದ್ದೇವೆ. ಹೊರಡುವ ಹೊತ್ತಿನಲ್ಲಿ ಒಂದೊಂದು ಸಲ ಎಬ್ಬಿಸಿದಾಗಲೂ ತಿಂದು ಕೂಡಿಸಿಕೊಂಡದ್ದು ಕರಗುತ್ತದೆ.

ಸತ್ತ ಅಥವಾ ತೂಕಡಿಸುತ್ತಿರುವ ಹಕ್ಕಿ ಕಂಡರೆ ಮಕ್ಕಳು ಮುಟ್ಟಬಾರದು. ಇದನ್ನು ಮನೆಯಲ್ಲೂ ಇನ್ನೊಮ್ಮೆ ಹೇಳಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿ ಸತ್ತವು, ಅದರಲ್ಲಿ ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತುಗಳು. ಹೆದರಿಸಲು ಹೇಳುತ್ತಿಲ್ಲ. ಅಂಥದ್ದು ಕಂಡರೆ ದೂರದಿಂದಲೇ ನೋಡಿ ವಾಚರಿಗೋ ನಮಗೋ ತಿಳಿಸಿದರೆ ಸಾಕು.

ಪ್ರತಿ ಮಗುವಿನ ಹತ್ತಿರ ಒಂದು ನೂರು ಪುಟದ ನೋಟುಬುಕ್ ಇರಲಿ. ತಾರೀಖು, ಗಂಟೆ, ಕೆರೆಯಲ್ಲಿ ನೀರು ಎಲ್ಲಿವರೆಗೆ ಇದೆ, ಎಷ್ಟು ಹೆಬ್ಬಾತು ಅನ್ನುವ ಅಂದಾಜು. ಒಂದೂ ಕಾಣದಿದ್ದರೆ ‘ಸೊನ್ನೆ’ ಅಂತ ಬರೆಯಬೇಕು, ಹಾಳೆ ಖಾಲಿ ಬಿಡುವಂತಿಲ್ಲ. ಸಂಜೆ ಹೊಲದಿಂದ ಬರುವಾಗ ತಲೆ ಮೇಲೆ ಸಾಲು ಹಿಡಿದು ಉತ್ತರಕ್ಕೆ ಹೋಗುವ ಗುಂಪು ಕಂಡರೆ ನಿಂತು ಎಣಿಸಿ, ಮಗುವಿನ ಕೈಲಿ ಅದನ್ನೂ ಬರೆಸಿ. ಅಜ್ಜ ಅಜ್ಜಿಯರು ಇರುವ ಮನೆಯಲ್ಲಿ ಇನ್ನೊಂದು ಕೆಲಸ: ಅವರು ಚಿಕ್ಕವರಿದ್ದಾಗ ಕೆರೆಗೆ ಯಾವ ಹಕ್ಕಿ ಬರುತ್ತಿದ್ದವು, ಅವನ್ನು ಏನಂತ ಕರೆಯುತ್ತಿದ್ದರು ಅಂತ ಮಗು ಕೇಳಿ ಒಂದು ಪುಟ ಬರೆಯಲಿ.

ಈ ಪತ್ರದ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಈ ಶನಿವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಆಸ್ತಮಾ, ಅಲರ್ಜಿ ಇರುವ ಮಕ್ಕಳಾದರೆ ಚೀಟಿಯ ಹಿಂದೆ ಬರೆಯಿರಿ. ನಿಮ್ಮಲ್ಲಿ ಯಾರಿಗಾದರೂ ಬೆಳಿಗ್ಗೆ ಬಿಡುವಿದ್ದರೆ ಜೊತೆಗೆ ಬನ್ನಿ, ಎಣಿಸಲು ಇನ್ನೆರಡು ಕಣ್ಣು ಸಿಕ್ಕಂತಾಗುತ್ತದೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ